ಏಳು ಕಾಲಿನ ಚೇಳು

ನಮ್ಮೂರ ಚರ್ಚಿನಲ್ಲಿ ಮಕ್ಕಳಿಗೆ ಕಲಿಸುವ ಜ್ಞಾನೋಪದೇಶದ ಪುಸ್ತಕದಲ್ಲಿ ಅಚ್ಚಾದ ಪ್ರಶ್ನೆಗಳು ಮೂವತ್ತು. ಮೂವತ್ತೊಂದನೆಯದು ಕೈಬರಹದ್ದು. ಹಳೆಯ ಕಾಲದ ಯಾರೋ ಫಾದರ್ ಕೊನೆಯ ಖಾಲಿ ಹಾಳೆಯಲ್ಲಿ ಬರೆದದ್ದನ್ನು ಇವತ್ತಿಗೂ ಪ್ರತಿ ಹೊಸ ಪುಸ್ತಕಕ್ಕೆ ನಾವು ಕೈಯಲ್ಲೇ ನಕಲು ಮಾಡುತ್ತೇವೆ. ‘ಕ್ರೈಸ್ತರು ಹಚ್ಚೆ ಹಾಕಿಸಿಕೊಳ್ಳಬಹುದೇ?’ ಎಂಬುದು ಪ್ರಶ್ನೆ. ‘ಬಾರದು. ಏಕೆಂದರೆ ಅದು ನಿಂತಲ್ಲಿ ನಿಲ್ಲುವುದಿಲ್ಲ’ ಎಂಬುದು ಉತ್ತರ. ನಾನು ಇನ್ನಾಸಪ್ಪ, ಇಪ್ಪತ್ತಾರು ವರ್ಷಗಳಿಂದ ಈ ಊರಿನ ಉಪದೇಶಿ. ಅಂದರೆ ಮಕ್ಕಳಿಗೆ ಪಾಠ ಹೇಳುವವನು, ಫಾದರ್ ಊರಲ್ಲಿಲ್ಲದಾಗ ಜಪ ನಡೆಸುವವನು, ಸಾವಾದ ಮನೆಗೆ ಎಲ್ಲರಿಗಿಂತ ಮೊದಲು ಹೋಗುವವನು. ಇಷ್ಟು ವರ್ಷವೂ ಭಾನುವಾರ ಭಾನುವಾರ ಈ ಉತ್ತರವನ್ನು ಮಕ್ಕಳಿಂದ ಗಟ್ಟಿಯಾಗಿ ಹೇಳಿಸಿದ್ದೇನೆ. ಹೇಳಿಸುವಾಗ ಕೊರಳ ಗುಂಡಿ, ಮಣಿಕಟ್ಟಿನ ಗುಂಡಿ ಎಲ್ಲವನ್ನೂ ಭದ್ರವಾಗಿ ಹಾಕಿಕೊಂಡಿರುತ್ತಿದ್ದೆ. ಯಾಕೆಂದರೆ ನನ್ನ ಮೈಮೇಲೆ ಒಂದು ಚೇಳಿತ್ತು, ಆ ಹೊತ್ತಿಗೆ ಅದು ಎಲ್ಲಿದೆಯೆಂದು ನನಗೇ ಗೊತ್ತಿರುತ್ತಿರಲಿಲ್ಲ.

ಬೇರೆ ಊರುಗಳಲ್ಲಿ ಹಚ್ಚೆ ಹಾಕಿದ ಜಾಗದಲ್ಲೇ ಬಿದ್ದಿರುತ್ತದಂತೆ. ಕೇಳಿದರೆ ನಮಗೆ ನಗು ಬರುತ್ತದೆ. ನಮ್ಮಲ್ಲಿ ಬೆಳಗ್ಗೆ ಮೊಣಕೈ ಮೇಲಿದ್ದ ಗಿಳಿ ಬಿಸಿಲೇರಿದ ಮೇಲೆ ಕಂಕುಳ ನೆರಳಿಗೆ ಸರಿಯುತ್ತದೆ. ಹಣ್ಣಿನಂಗಡಿ ನಾಗರತ್ನಮ್ಮನ ನವಿಲು ಗಿರಾಕಿ ಬಂದರೆ ಸಾಕು, ಯಾರು ಬಂದರೆಂದು ನೋಡಲು ಕೊರಳವರೆಗೂ ಬರುತ್ತದೆ. ಹೊಸದಾಗಿ ಮದುವೆಯಾದ ಹುಡುಗಿಯರು ಗಂಡನ ಹೆಸರು ಹಾಕಿಸಿಕೊಳ್ಳುತ್ತಾರೆ, ಅದು ಬೆನ್ನಿಗೆ ಹೋಗಿ ಕೂರುತ್ತದೆ, ಪಾಪ, ನಾದಿನಿಯರನ್ನು ಕರೆದು ಓದಿಸಿಕೊಳ್ಳಬೇಕು. ಕ್ಷೌರದಂಗಡಿಯಲ್ಲಿ ಕೂತ ಕೂಡಲೇ ಕೇಳುವ ಮೊದಲ ಮಾತು ‘ನಿಮ್ದು ಎಲ್ಲಿದೆ ಸ್ವಾಮಿ?’ ಎಂದು. ದಾರ ಬಿಗಿದು ಕಟ್ಟಿ ತಡೆಯಲು ನೋಡಿದವರೂ ಇದ್ದಾರೆ. ದಾರ ಬಿಚ್ಚಿದ ದಿನ ಅದು ಮುನಿಸಿಕೊಂಡು ಅಂಗಾಲಿಗೆ ಹೋಗಿ ಮಲಗಿದರೆ ವಾರಗಟ್ಟಲೆ ಏಳುವುದಿಲ್ಲ. ಆದರೆ ಒಂದು ಮಾತು ಮಾತ್ರ ಊರಿಗೆಲ್ಲ ಖಾತ್ರಿ. ಹಚ್ಚೆ ತನ್ನ ಯಜಮಾನನ ಮೈಯನ್ನು ಎಷ್ಟು ಬೇಕಾದರೂ ಸುತ್ತಲಿ, ಇನ್ನೊಬ್ಬರ ಮೈಗೆ ಕಾಲಿಟ್ಟದ್ದು ಇಲ್ಲ. ಮೈಮೇಲೆ ಹಚ್ಚೆ ಇದ್ದರೆ ಸೂಜಿಗೆ ಕೈಯೊಡ್ಡಿ ಹಾಕಿಸಿಕೊಂಡದ್ದೇ ಸೈ ಎಂದು ಎಲ್ಲರೂ ನಂಬಿದ್ದೆವು.

ಚರ್ಚ್ ಬೀದಿಯ ಎಂಬತ್ತು ಮನೆಗಳವರು ಮಾತ್ರ ಹಚ್ಚೆಯ ತಂಟೆಗೆ ಹೋಗುವುದಿಲ್ಲ. ಅದಕ್ಕೆ ಕಾರಣ ನಮ್ಮಜ್ಜನ ಕಾಲದ ಅಂತೋಣಪ್ಪ ಎಂಬ ಗಾರೆ ಕೆಲಸದವನು. ಅವನು ಭಕ್ತಿ ಉಕ್ಕಿ ಎದೆಯ ಮೇಲೆ ಒಂದು ಶಿಲುಬೆ ಹಾಕಿಸಿಕೊಂಡ. ಅದು ಮೂರೇ ದಿನಕ್ಕೆ ಹೊಟ್ಟೆ ಇಳಿದು, ತೊಡೆ ಇಳಿದು, ಬಲಗಾಲಿನ ಅಂಗಾಲಿಗೆ ಬಂತು. ಶಿಲುಬೆಯನ್ನು ತುಳಿಯುವುದುಂಟೇ? ಹನ್ನೊಂದು ದಿನ ಬಲಗಾಲು ನೆಲಕ್ಕೂರದೆ ಕುಂಟಿದ. ಹನ್ನೆರಡನೆಯ ದಿನ ಒಂಟಿಕಾಲಲ್ಲಿ ಸಾರುವೆ ಏರಲು ಹೋಗಿ ಬಿದ್ದು ಸೊಂಟ ಉಳುಕಿಸಿಕೊಂಡ. ಶಿಲುಬೆ ಅಲ್ಲಿಂದ ಎದ್ದು ಹೋಗಿ ಕೂತ ಜಾಗವನ್ನಂತೂ ನಾನು ಬರೆಯಲಾರೆ. ಆ ವಾರವೇ ಆಗಿನ ಫಾದರ್ ಮೂವತ್ತೊಂದನೆಯ ಪ್ರಶ್ನೆ ಬರೆದದ್ದು. ಈಗಿನ ಹುಡುಗರು ಬಿಡುತ್ತಾರೆಯೇ? ‘ಶಿಲುಬೆ ತಾನೆ, ಏನ್ ತಪ್ಪು? ಕೊರಳಲ್ಲಿ ಹಾಕ್ಕೊಂಡ್ರೆ ಸರಿ, ಚರ್ಮದ ಮೇಲೆ ಹಾಕ್ಕೊಂಡ್ರೆ ಪಾಪನಾ?’ ಎಂದು ವಾದಕ್ಕೆ ನಿಲ್ಲುತ್ತಾರೆ. ಅವರಿಗೆ ಉತ್ತರ ಕೊಡುವವರು ಚರ್ಚಿನ ಹೆಂಗಸರ ಕೂಟವಾದ ಮಾತೆಯ ಸಂಘದ ಮುಖ್ಯಸ್ಥೆ ಕ್ಲಾರಕ್ಕ. ವಯಸ್ಸು ಎಪ್ಪತ್ತು ದಾಟಿದೆ, ಗಂಟಲು ಇನ್ನೂ ಮೂವತ್ತರದು. ‘ಮೈ ದೇವರದು ಕಣೋ. ಅವನ ಗೋಡೆ ಮೇಲೆ ನಿನ್ನ ಚಿತ್ತಾರ ಯಾಕೋ?’ ಎಂದರೆ ಹುಡುಗರು ತಲೆ ಕೆರೆದುಕೊಂಡು ಹೊರಡುತ್ತಾರೆ. ನಾನು ಪಕ್ಕದಲ್ಲಿ ನಿಂತು ಹೌದು ಹೌದು ಎಂದು ತಲೆಯಾಡಿಸುತ್ತಿದ್ದೆ.

ನನಗೆ ಚೇಳು ಬಂದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಕೆಳಗಿನ ಬೀದಿಯ ಗೆಳೆಯರೆಲ್ಲ ಹುಲಿ, ಸಿಂಹ ಅಂತ ಹಾಕಿಸಿಕೊಂಡು ಎದೆಯುಬ್ಬಿಸಿ ಓಡಾಡುತ್ತಿದ್ದರು. ನನ್ನ ಮೈ ಮಾತ್ರ ಬರೆಯದ ಸ್ಲೇಟಿನಂತೆ ಬೋಳು. ಸಂತೆಯ ದಿನ ಹುಣಸೆಮರದ ಕೆಳಗೆ ಸೂಜಿ ಹಿಡಿದು ಕೂತಿದ್ದ ಹೆಂಗಸಿನ ಮುಂದೆ ಹೋಗಿ ಕೈಚಾಚಿದೆ. ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿಟ್ಟಿದ್ದಳು. ಕೊಂಡಿ ಮುಗಿಯಿತು, ಕೊಂಬು ಮುಗಿಯಿತು, ಒಂದೊಂದೇ ಕಾಲು ಚುಚ್ಚುತ್ತ ಬಂದಳು. ಏಳನೆಯ ಕಾಲಿಗೆ ನನ್ನ ಗಂಡಸುತನವೆಲ್ಲ ಮುಗಿಯಿತು. ‘ಅಯ್ಯಯ್ಯೋ ಸಾಕಮ್ಮ ತಾಯಿ!’ ಎಂದು ಕೈ ಕಿತ್ತುಕೊಂಡು ಓಡಿದೆ. ಹಾಗಾಗಿ ನನ್ನದು ಏಳು ಕಾಲಿನ ಚೇಳು. ಮನೆಗೆ ಬಂದು ನೋಡಿಕೊಂಡಾಗ ಅದು ಆಗಲೇ ಭುಜ ಹತ್ತಿತ್ತು. ಅಪ್ಪನಿಗೆ ಗೊತ್ತಾದರೆ ಚರ್ಮ ಸುಲಿಯುತ್ತಾರೆಂದು ಅಂದೇ ತುಂಬುತೋಳಿನ ಅಂಗಿ ಹಾಕಿದವನು, ಅಪ್ಪ ತೀರಿಕೊಂಡು ಎಷ್ಟೋ ವರ್ಷವಾದರೂ ತೆಗೆಯಲಿಲ್ಲ. ಬ್ರಿಜಿತಳನ್ನು ಮದುವೆಯಾದಾಗ ‘ನನ್ನದು ಶೀತದ ಮೈ, ಮಲಗುವಾಗಲೂ ಅಂಗಿ ಬೇಕು’ ಎಂದುಬಿಟ್ಟೆ. ಅವಳು ಸರಿ ಎಂದಳು. ಮುಂದೆ ಉಪದೇಶಿಯ ಕೆಲಸ ಬಂತು, ಬಾಯಿ ಬಿಡುವ ದಾರಿಯೇ ಮುಚ್ಚಿಹೋಯಿತು. ದಿನಾ ಬೆಳಗ್ಗೆ ಬಚ್ಚಲಿನಲ್ಲಿ ಅಂಗೈಯಗಲದ ಕನ್ನಡಿ ಹಿಡಿದು ಮೈಯೆಲ್ಲ ಹುಡುಕುತ್ತಿದ್ದೆ. ಹೆದರಿದಾಗ ಅದು ಕಂಕುಳಿಗೆ ಹೋಗುತ್ತಿತ್ತು, ಸೆಕೆಯಾದರೆ ಮಂಡಿಯ ಹಿಂದೆ. ಸಿಕ್ಕಿದ ಮೇಲೆ ಅದಕ್ಕೆ ತಕ್ಕಂತೆ ಬಟ್ಟೆ ಹಾಕಿಕೊಂಡು ಹೊರಗೆ ಬರುತ್ತಿದ್ದೆ. ಮೂವತ್ತೈದು ವರ್ಷ ಹೀಗೆ ಬದುಕುವುದು ಎಂಥ ಸುಸ್ತಿನ ಕೆಲಸ ಎಂದು ಬದುಕಿದವನಿಗೇ ಗೊತ್ತು. ಇಷ್ಟರ ಮೇಲೆ ಬ್ರಿಜಿತಳ ಕಾಟ ಬೇರೆ. ಪೂಜೆಗೆ ಹೊರಡುವ ಮುಂಚೆ ಬಾಗಿಲಲ್ಲಿ ನಿಲ್ಲಿಸಿ, ನನ್ನ ಹೆಗಲ ಮೇಲಿನ ಶಾಲನ್ನು ಎಳೆದು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಕೊರಳಿಗೆ ಸುತ್ತುತ್ತಿದ್ದಳು. ‘ಬಿಡೇ, ನಾನೇನು ಮಗುವಾ?’ ಎಂದು ರೇಗುತ್ತಿದ್ದೆ.

ಈ ವರ್ಷದ ವಿಭೂತಿ ಬುಧವಾರದ ವಿಷಯಕ್ಕೆ ಬರುತ್ತೇನೆ, ಈಸ್ಟರಿಗೆ ಮುಂಚಿನ ನಮ್ಮ ಉಪವಾಸದ ಕಾಲ ಶುರುವಾಗುವುದು ಆ ದಿನ. ನಮ್ಮ ಫಾದರ್ ಜಕರಿಯಾಸರಿಗೆ ವಯಸ್ಸಾಗಿ ಕೈನಡುಕ ಬಂದ ಮೇಲೆ ಅಂದು ಬೂದಿ ಹಚ್ಚುವ ಕೆಲಸವನ್ನು ಇಬ್ಬರೂ ಹಂಚಿಕೊಳ್ಳುತ್ತೇವೆ. ಗಂಡಸರ ಸಾಲು ಅವರಿಗೆ, ಹೆಂಗಸರ ಸಾಲು ನನಗೆ. ಹಿಂದಿನ ವರ್ಷ ಗರಿಗಳ ಭಾನುವಾರ ಚರ್ಚಿನಲ್ಲಿ ಹಂಚಿದ ಗರಿಗಳನ್ನು ಸುಟ್ಟ ಬೂದಿಯಲ್ಲಿ ಹೆಬ್ಬೆರಳು ಅದ್ದಿ, ಒಬ್ಬೊಬ್ಬರ ಹಣೆಗೂ ಒಂದು ಶಿಲುಬೆ ಎಳೆಯುವುದು. ಅಂದು ಚೇಳು ಬಲಗೈ ಮಣಿಕಟ್ಟಿನ ಹತ್ತಿರವೇ ಇತ್ತು, ಗುಂಡಿ ಬಿಗಿಯಾಗಿತ್ತು, ನಾನು ಧೈರ್ಯವಾಗಿದ್ದೆ. ಸಂಜೆ ಸ್ನಾನಕ್ಕೆ ಹೋಗಿ ಕನ್ನಡಿ ಹಿಡಿದರೆ ಚೇಳಿಲ್ಲ. ಕಂಕುಳಿನಲ್ಲಿಲ್ಲ, ಮಂಡಿಯ ಹಿಂದಿಲ್ಲ, ಬೆನ್ನಲ್ಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ನನ್ನ ಸಂತೋಷವನ್ನು ಏನು ಹೇಳಲಿ! ದೇವರು ಕೊನೆಗೂ ಕನಿಕರಪಟ್ಟು ಅಳಿಸಿಬಿಟ್ಟ ಎಂದು ಬಚ್ಚಲಲ್ಲೇ ಮೊಣಕಾಲೂರಿದೆ. ಉಪವಾಸದ ಕಾಲ ಎಂಬುದನ್ನೂ ಮರೆತು ಸಿಳ್ಳೆ ಹಾಕುತ್ತ ಓಡಾಡಿದೆ. ಭಾನುವಾರ ಬ್ರಿಜಿತ ಬಾಗಿಲಲ್ಲಿ ಶಾಲಿಗೆ ಕೈಹಾಕಿದವಳು, ಕೊರಳನ್ನೊಮ್ಮೆ ನೋಡಿ, ಕೈಯನ್ನೊಮ್ಮೆ ನೋಡಿ, ಏನೂ ಮಾಡದೆ ಕೈಬಿಟ್ಟಳು. ನನ್ನ ಖುಷಿಯಲ್ಲಿ ನಾನು ಅದನ್ನು ಗಮನಿಸಲಿಲ್ಲ.

ಎರಡನೆಯ ಗುರುವಾರ ಎಲ್ಲ ಬಯಲಾಯಿತು. ಗುರುವಾರ ಪ್ರಕಾಶಮ್ಮ ಪೂಜೆಯ ರೊಟ್ಟಿ ಸುಡುವ ದಿನ. ಚರ್ಚಿನ ಹಿಂದಿನ ಸಣ್ಣ ಕೋಣೆಯಲ್ಲಿ ಅವಳ ಒಲೆ. ಉದ್ದ ಹಿಡಿಯ ಕಬ್ಬಿಣದ ಇಕ್ಕಳ, ಅದರ ತುದಿಗೆ ಎರಡು ದುಂಡು ತಟ್ಟೆ. ನಡುವೆ ಒಂದು ಚಮಚ ಗೋಧಿ ಹಿಟ್ಟಿನ ನೀರು ಹೊಯ್ದು, ಕೆಂಡದ ಮೇಲೆ ಹಿಡಿದು, ತೆಗೆದರೆ ಕಾಗದದಷ್ಟು ತೆಳುವಾದ ರೊಟ್ಟಿ. ನಮ್ಮ ಬೀದಿಯವರೆಲ್ಲ ಭಾನುವಾರ ನಾಲಿಗೆಯ ಮೇಲೆ ತೆಗೆದುಕೊಳ್ಳುವುದು ಅದನ್ನೇ. ಆಕೆಯ ಗಂಡ ತೀರಿಕೊಂಡು ಹದಿನಾಲ್ಕು ವರ್ಷ. ಅದುವರೆಗೆ ರೊಟ್ಟಿ ಸುಡುತ್ತಿದ್ದ ಅತ್ತೆ ಆ ವರ್ಷವೇ ಇಕ್ಕಳವನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಕೊಡದೆ ಸೊಸೆಯ ಕೈಗೆ ಕೊಟ್ಟಳು. ಒಲೆ ಹಚ್ಚುವ ಮುಂಚೆ ಕ್ಲಾರಕ್ಕ ಆಕೆಯ ಎರಡೂ ಕೈಗಳನ್ನು ಮೊಣಕೈವರೆಗೆ ನೋಡಬೇಕು, ಅದು ಹಳೆಯ ಪದ್ಧತಿ. ಉಗುರು ನೋಡುವುದು ಒಂದು ನೆಪ. ಯಾವುದಾದರೂ ಹಚ್ಚೆ ಬೆರಳಿನಿಂದಿಳಿದು ಹಿಟ್ಟಿಗೆ ಸೇರೀತು ಎಂಬುದು ನಿಜವಾದ ಹೆದರಿಕೆ. ಹದಿನಾಲ್ಕು ವರ್ಷ ನೋಡಿ ನೋಡಿ ಕ್ಲಾರಕ್ಕನಿಗೂ ಬೇಜಾರಾಗಿತ್ತು. ಅಂದು ಸುಮ್ಮನೆ ಕಣ್ಣಾಡಿಸಿದವರು ಕಿಟಾರನೆ ಕಿರುಚಿದರು. ಪ್ರಕಾಶಮ್ಮನ ಬಲಗೈ ಮಣಿಕಟ್ಟಿನ ಮೇಲೆ ಕೊಂಡಿ ಎತ್ತಿದ ಚೇಳು ಕೂತಿತ್ತು.

‘ಯಾವಾಗ ಹಾಕಿಸ್ಕೊಂಡೆ?’ ‘ಯೇಸುಸ್ವಾಮಿ ಆಣೆಗೂ ಇಲ್ಲ ಕ್ಲಾರಕ್ಕ, ನಾನು ಸೂಜಿ ಮುಖಾನೇ ನೋಡಿಲ್ಲ.’ ‘ಸೂಜಿ ಇಲ್ದೆ ಹಚ್ಚೆ ಏನು ಬೆವರು ಸಾಲೆ ಥರ ತಾನೇ ಏಳುತ್ತಾ?’ ಹೀಗೆ ಮಾತು ಬೆಳೆದು, ಕ್ಲಾರಕ್ಕ ಇಕ್ಕಳವನ್ನು ಸೆರಗಿನಲ್ಲಿ ಸುತ್ತಿಕೊಂಡು ಸೀದಾ ಫಾದರ್ ಹತ್ತಿರ ಹೋದರಂತೆ. ಮರುದಿನ ಶುಕ್ರವಾರ, ಶಿಲುಬೆಯ ಹಾದಿಯ ಜಪ ಮುಗಿದ ಮೇಲೆ ಎಲ್ಲರೂ ಶಾಲೆಯ ಕೋಣೆಯಲ್ಲಿ ಕೂತು ಮಾತಾಡೋಣ ಎಂದು ಫಾದರ್ ಹೇಳಿ ಕಳಿಸಿದರು. ಅಷ್ಟರಲ್ಲಿ ಬೀದಿಯ ಬಾಯಿಗಳು ಸುಮ್ಮನಿರುತ್ತವೆಯೇ? ಚೇಳು ಪಡ್ಡೆ ಹುಡುಗರು ಹಾಕಿಸಿಕೊಳ್ಳುವ ಹಚ್ಚೆ. ಗಂಡ ಸತ್ತ ಹೆಂಗಸು ಯಾರ ನೆನಪಿಗೆ ಚೇಳು ಹಾಕಿಸಿಕೊಂಡಳು ಎಂದು ನಲ್ಲಿಯ ಹತ್ತಿರ ಆಗಲೇ ಮಾತಾಗಿತ್ತು. ಇದನ್ನು ಬ್ರಿಜಿತ ಮಧ್ಯಾಹ್ನ ಅನ್ನ ಬಡಿಸುತ್ತ ಹೇಳಿದಾಗ ಕೈಯೊಳಗಿನ ತುತ್ತು ಹಾಗೇ ಉಳಿಯಿತು. ‘ಚೇಳಾ?’ ಎಂದೆ. ‘ಚೇಳು’ ಎಂದಳು ಬ್ರಿಜಿತ, ನನ್ನ ಮುಖವನ್ನೇ ನೋಡುತ್ತ.

ಊಟ ಬಿಟ್ಟು ಪ್ರಕಾಶಮ್ಮನ ಮನೆಗೆ ಹೋದೆ. ಹೋಗುವಾಗ ಎಲ್ಲ ಹೇಳಿಬಿಡಬೇಕೆಂದೇ ಹೋದೆ. ಅವಳು ಬಾಗಿಲ ಹತ್ತಿರ ಕೂತು ಅಕ್ಕಿ ಆರಿಸುತ್ತಿದ್ದಳು. ಒಂದೇ ಹಿಡಿ ಅಕ್ಕಿಯನ್ನು ಎಷ್ಟು ಹೊತ್ತಿನಿಂದ ಆರಿಸುತ್ತಿದ್ದಳೋ, ಮೊರದಲ್ಲಿ ಒಂದು ಕಲ್ಲೂ ಇರಲಿಲ್ಲ. ‘ಕೈ ತೋರ್ಸಮ್ಮ’ ಎಂದೆ. ತೋರಿಸಿದಳು. ಎಣಿಸಬೇಕಾಗಿರಲಿಲ್ಲ, ಆದರೂ ಎಣಿಸಿದೆ. ಎಡಕ್ಕೆ ನಾಲ್ಕು, ಬಲಕ್ಕೆ ಮೂರು. ಬೂದಿ ಮತ್ತು ಹೆಬ್ಬೆರಳು ಆಗಲೇ ನೆನಪಾದದ್ದು. ಮಸಿಯಿಂದ ಹುಟ್ಟಿದ ಪ್ರಾಣಿ ಬೂದಿಯನ್ನು ಕಂಡು ಸೇತುವೆ ಎಂದುಕೊಂಡು ನನ್ನ ಬೆರಳಿನಿಂದ ಅವಳ ಹಣೆಗೆ ದಾಟಿಬಿಟ್ಟಿದೆ. ಹೋದ ಗುರುವಾರ ಅವಳ ಬೆನ್ನ ಮೇಲೆಲ್ಲೋ ಇದ್ದಿರಬೇಕು, ಯಾರಿಗೂ ಕಂಡಿಲ್ಲ. ‘ಅಣ್ಣ, ನಾನು ಹಾಕಿಸ್ಕೊಂಡಿಲ್ಲ. ನೀವಾದ್ರೂ ನಂಬ್ತೀರಾ?’ ಎಂದಳು. ‘ನಂಬ್ತೀನಮ್ಮ’ ಎಂದೆ. ‘ಇಕ್ಕಳ ಕಿತ್ಕೊಂಡು ಹೋದ್ರು ಅಣ್ಣ. ನಮ್ಮತ್ತೆ ಸಾಯೋವಾಗ ಬೇರೇನೂ ಹೇಳ್ಲಿಲ್ಲ, ರೊಟ್ಟಿ ನಿಲ್ಲಿಸ್ಬೇಡ ಅಂದ್ರು ಅಷ್ಟೇ. ಇನ್ನು ಗುರುವಾರ ಬಂದ್ರೆ ನಾನೇನು ಮಾಡ್ಲಿ?’ ನನ್ನ ನಾಲಿಗೆ ತುದಿಯವರೆಗೆ ಬಂದ ಮಾತು ಅಲ್ಲೇ ನಿಂತಿತು. ಉಪದೇಶಿಯ ಕೆಲಸ, ಇಪ್ಪತ್ತಾರು ವರ್ಷದ ಮರ್ಯಾದೆ, ಮಕ್ಕಳ ಮುಖ, ಕ್ಲಾರಕ್ಕನ ಗಂಟಲು ಎಲ್ಲ ಒಟ್ಟಿಗೆ ಬಂದು ಅಡ್ಡ ನಿಂತವು. ‘ದೇವರಿದ್ದಾನೆ’ ಎಂದು ಹೇಳಿ ಎದ್ದು ಬಂದೆ. ಆ ದಿನ ನನ್ನ ಬಗ್ಗೆ ನನಗೆ ಹುಟ್ಟಿದ ಅಸಹ್ಯವನ್ನು ಇವತ್ತೂ ಮರೆತಿಲ್ಲ.

ಶುಕ್ರವಾರ ಶಾಲೆಯ ಕೋಣೆ ತುಂಬಿತ್ತು. ಎರಡನೇ ತರಗತಿಯ ಗಿಡ್ಡ ಬೆಂಚುಗಳ ಮೇಲೆ ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಹಿರಿಯರೆಲ್ಲ ಕೂತಿದ್ದರು. ಫಾದರ್ ಮೇಜಿನ ಹಿಂದೆ, ಮೇಜಿನ ಮೇಲೆ ಇಕ್ಕಳ. ಪ್ರಕಾಶಮ್ಮ ಕರಿಹಲಗೆಯ ಪಕ್ಕದಲ್ಲಿ ನಿಂತಿದ್ದಳು, ಕೂರು ಎಂದು ಯಾರೂ ಹೇಳಿರಲಿಲ್ಲ. ಹಳೆಯ ಒಡಂಬಡಿಕೆಯಲ್ಲೇ ಬೇಡ ಎಂದು ಬರೆದಿದೆ ಎಂದು ಒಬ್ಬರು ಶುರು ಮಾಡಿದರು. ಅದೇ ಪುಟದಲ್ಲಿ ಗಡ್ಡದ ಅಂಚು ಕತ್ತರಿಸಬೇಡಿ ಅಂತಲೂ ಇದೆ, ನೀವು ಇವತ್ತು ಬೆಳಗ್ಗೆ ತಾನೇ ನುಣ್ಣಗೆ ಬೋಳಿಸಿಕೊಂಡು ಬಂದಿದ್ದೀರಲ್ಲ ಎಂದು ಇನ್ನೊಬ್ಬರು ಕಾಲೆಳೆದರು. ಚರ್ಮದ ಮೇಲಿನದು ಒಳಗಿನ ಆತ್ಮಕ್ಕೆ ತಾಗುತ್ತದೆಯೇ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ಬಡಗಿ ಸಂದ್ಯಾಗಪ್ಪ ನಮ್ಮ ಸಭೆಯ ಹಿರಿಯ, ಲೆಕ್ಕಾಚಾರದ ಮನುಷ್ಯ. ‘ಅದೆಲ್ಲ ಆಮೇಲೆ. ಹಾಕಿಸ್ಕೊಂಡಿದ್ದೂ ಅಲ್ದೆ ಇಲ್ಲ ಅಂತ ಆಣೆ ಇಡೋದು ಸರಿಯಾ? ಪೂಜೆ ರೊಟ್ಟಿ ಮುಟ್ಟೋ ಕೈ ಅದು’ ಎಂದ. ಪ್ರಕಾಶಮ್ಮ ಇಕ್ಕಳವನ್ನೇ ನೋಡುತ್ತಿದ್ದಳು. ಆಕೆ ಅತ್ತಿದ್ದರೆ ಬಹುಶಃ ನಾನು ಇನ್ನೂ ಸುಮ್ಮನೆ ಕೂತಿರುತ್ತಿದ್ದೆನೇನೋ. ಅಳಲಿಲ್ಲ, ಸುಮ್ಮನೆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅದು ನಾನು ಮೂವತ್ತೈದು ವರ್ಷ ದಿನಾ ಮಾಡಿದ ಕೆಲಸ. ನೋಡಿ ತಡೆಯಲಾಗಲಿಲ್ಲ.

ಎದ್ದು ನಿಂತೆ. ‘ಅದು ನನ್ನ ಚೇಳು’ ಎಂದೆ.

ಯಾರೂ ಬೆಚ್ಚಿಬೀಳಲಿಲ್ಲ. ಸಂದ್ಯಾಗಪ್ಪ ಎದೆಯ ಮೇಲೆ ಕೈಯಿಟ್ಟು ‘ನೋಡಿ, ಉಪದೇಶಿಗಳು ಎಂಥ ದೊಡ್ಡ ಮನಸ್ಸಿನೋರು! ಇನ್ನೊಬ್ರ ತಪ್ಪು ಮೈಮೇಲೆ ಹಾಕ್ಕೊಳ್ತಾರೆ’ ಎಂದ. ಹೌದು ಹೌದು ಎಂದು ನಾಲ್ಕು ಜನ ತಲೆದೂಗಿದರು. ‘ಅಲ್ಲ ರೀ, ನಿಜವಾಗ್ಲೂ ನಂದೇ. ಹತ್ತೊಂಬತ್ತು ವರ್ಷಕ್ಕೇ ಹಾಕಿಸ್ಕೊಂಡಿದ್ದು’ ಎಂದೆ. ‘ಸಾಕು ಕೂತ್ಕೊಳಿ ಉಪದೇಶಿಗಳೆ, ನಿಮ್ಮನ್ನ ನಾವು ನೋಡಿಲ್ವಾ?’ ಎಂದರು. ಒಪ್ಪಿಕೊಳ್ಳುವುದೇ ಕಷ್ಟ ಎಂದುಕೊಂಡಿದ್ದವನಿಗೆ, ಒಪ್ಪಿಕೊಂಡದ್ದನ್ನು ನಂಬಿಸುವುದು ಅದಕ್ಕಿಂತ ಕಷ್ಟ ಎಂದು ಗೊತ್ತಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಒಂದು ಗಂಡಸಿನ ದನಿ, ‘ನಿಮ್ಮ ಚೇಳೇ ಆದ್ರೆ, ಆಯಮ್ಮನ ಮೈಗೆ ಹೆಂಗ್ರೀ ಹೋಯ್ತು?’ ಎಂದು ಕೇಳಿತು. ಒಬ್ಬ ಕಿಸಕ್ಕೆಂದ. ಬೂದಿ, ಹೆಬ್ಬೆರಳು ಎಂದು ತೊದಲಿದೆ, ಯಾರಿಗೂ ಕೇಳಿಸಲಿಲ್ಲ. ಪ್ರಕಾಶಮ್ಮನ ಮುಖ ಬಿಳಚಿಕೊಂಡಿತ್ತು. ಹಾಳು ಬಾವಿಯಿಂದ ಎತ್ತಲು ಹೋಗಿ ಅವಳ ತಲೆಯ ಮೇಲೆ ಕಲ್ಲು ಹಾಕಿದ್ದೆ.

ಆಗ ಹೆಂಗಸರ ಬೆಂಚಿನಿಂದ ಬ್ರಿಜಿತ ಎದ್ದಳು. ‘ಕ್ಲಾರಕ್ಕ, ಕನ್ನಡಕ ಹಾಕ್ಕೊಳಿ. ಅದರ ಕಾಲು ಎಣಿಸಿ. ಏಳಿರ್ತವೆ. ಬಲಗಡೆ ಹಿಂದಿನ ಕಾಲಿಲ್ಲ’ ಎಂದಳು. ಕ್ಲಾರಕ್ಕ ಪ್ರಕಾಶಮ್ಮನ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿಟ್ಟು ಎಣಿಸಿದರು. ಮತ್ತೆ ಎಣಿಸಿದರು. ‘ಏಳೇ ಇದೆ ಕಣೇ. ನಿಂಗೆ ಹೆಂಗ್ ಗೊತ್ತು?’ ‘ಇವರು ಎಂಟನೇದಕ್ಕೆ ಹೆದರಿ ಓಡಿಬಂದ್ರು ಅಂತ ಕಾಣುತ್ತೆ. ಮದುವೆಯಾಗಿ ಮೂವತ್ತೊಂದು ವರ್ಷ ಆಯ್ತು ಕ್ಲಾರಕ್ಕ. ಇವರು ಮಲಗಿದ್ಮೇಲೆ ಅದು ಕಾಲರ್ ಹತ್ರ ಗಾಳಿಗೆ ಬರುತ್ತೆ. ನಾನು ದಿನಾ ನೋಡ್ತೀನಿ. ಶಾಲು ಸುತ್ತೋದು ಯಾಕೆ ಅಂದ್ಕೊಂಡ್ರಿ? ಎಡಗಡೆ ಬಂದಿದ್ರೆ ಎಡಕ್ಕೆ, ಬಲಗಡೆ ಬಂದಿದ್ರೆ ಬಲಕ್ಕೆ. ಬೂದಿ ಹಚ್ಚಿದ ದಿನದಿಂದ ಅದು ಕಾಣ್ಲಿಲ್ಲ. ಇವರ ಹೆಬ್ಬೆರಳಿಂದ ಪ್ರಕಾಶಮ್ಮನ ಹಣೆಗೆ ಹತ್ತಿಕೊಂಡಿದೆ, ಅಷ್ಟೇ. ಆವತ್ತು ಇಡೀ ಊರಿನ ಎದುರಿಗೇ ಆಗಿದ್ದು. ಇದರಲ್ಲಿ ಕಿಸಕ್ ಅನ್ನೋ ಅಂಥದ್ದೇನಿದೆ?’ ಎಂದು ಹಿಂದಿನ ಬೆಂಚಿನ ಕಡೆ ತಿರುಗಿ ನೋಡಿದಳು. ಕಿಸಕ್ಕೆಂದವನು ಬೆಂಚಿನ ಕೆಳಗೆ ಏನೋ ಬಿದ್ದಂತೆ ಹುಡುಕತೊಡಗಿದ.

ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಮೂವತ್ತೊಂದು ವರ್ಷ! ‘ಗೊತ್ತಿದ್ದೂ ಯಾಕೆ ಸುಮ್ನಿದ್ದೆ?’ ಎಂದು ಅಷ್ಟು ಜನರ ನಡುವೆಯೇ ಕೇಳಿಬಿಟ್ಟೆ. ‘ನೀವೇ ಹೇಳ್ತೀರಾ ಅಂತ ಕಾಯ್ತಿದ್ದೆ’ ಎಂದು ಕೂತಳು.

ಫಾದರ್ ಜಕರಿಯಾಸ್ ಎದ್ದು ಹೊರಗೆ ಹೋದರು. ಸಿಟ್ಟಾದರು ಎಂದುಕೊಂಡೆವು. ಮಿಕ್ಕ ಬೂದಿಯ ಡಬ್ಬಿ ಹಿಡಿದುಕೊಂಡು ಬಂದರು. ‘ಹೋದ ದಾರೀಲೇ ವಾಪಸ್ ಬರುತ್ತೇನೋ ನೋಡೋಣ. ಪ್ರಕಾಶಮ್ಮ, ನೀನು ಹಚ್ಚು’ ಎಂದರು. ಆಕೆ ಹಿಂಜರಿದಳು. ಹೆಂಗಸು, ಅದರಲ್ಲೂ ಗಂಡ ಸತ್ತವಳು, ಉಪದೇಶಿಯ ಹಣೆಗೆ ಬೂದಿ ಹಚ್ಚುವುದನ್ನು ನಮ್ಮೂರು ಕಂಡಿರಲಿಲ್ಲ. ನಾನು ಮಂಡಿಯೂರಿ ತಲೆ ತಗ್ಗಿಸಿದೆ. ಅವಳ ಹೆಬ್ಬೆರಳು ಹಣೆಗೆ ತಾಗಿತು, ಒಲೆಯ ಕೆಲಸದಿಂದ ದೊರಗಾದ ಬೆರಳು. ಜನ ಬೆಂಚು ಹತ್ತಿ ನೋಡುತ್ತಿದ್ದರು. ಚೇಳು ಮಣಿಕಟ್ಟಿನಿಂದ ಎದ್ದು, ಅಂಗೈ ಬಳಸಿ, ಹೆಬ್ಬೆರಳ ತುದಿಗೆ ಬಂದು, ಒಂದು ಗಳಿಗೆ ನಿಂತು ಯೋಚಿಸಿ, ದಾಟಿತಂತೆ. ನನಗೆ ಕಂಡಿಲ್ಲ, ಹಣೆಯಲ್ಲಿ ಸಣ್ಣಗೆ ಕಚಗುಳಿಯಾದದ್ದು ಗೊತ್ತು. ‘ಅಯ್ಯೋ ನನ್ನಪ್ಪ, ಮೂಗಿನ ಮೇಲೆ! ಮೂಗಿನ ಮೇಲೆ!’ ಎಂದು ಕ್ಲಾರಕ್ಕ ಚೀರಿದರು. ಸಂಜೆಗೆ ಗೂಡಿಗೆ ಬರುವ ಕೋಳಿಯ ಹಾಗೆ ಅದು ಮೂಗಿಳಿದು, ಗಲ್ಲ ಇಳಿದು, ಕಾಲರ್ ಒಳಗೆ ನುಗ್ಗಿತು. ಮೊದಲು ನಕ್ಕವಳು ಪ್ರಕಾಶಮ್ಮ. ಎರಡು ದಿನ ಒಳಗೆ ತಡೆದಿಟ್ಟದ್ದೆಲ್ಲ ನಗುವಾಗಿ ಬಂದು, ನಗುತ್ತ ನಗುತ್ತ ಅಳುವಾಯಿತು. ಆಮೇಲೆ ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಎದೆಯ ಮೇಲಿಂದ ಮೂಟೆ ಇಳಿಸಿದಂತಾಗಿ ಉಸಿರು ಹೊಟ್ಟೆಯ ತಳದವರೆಗೂ ಹೋಯಿತು.

ಕ್ಲಾರಕ್ಕ ಇಕ್ಕಳವನ್ನು ಎತ್ತಿ, ಸೆರಗಿನಿಂದ ಒರೆಸಿ, ಪ್ರಕಾಶಮ್ಮನ ಕೈಗೆ ಕೊಟ್ಟರು. ‘ನಂದು ತಪ್ಪಾಯ್ತು ಕಣೆ. ನಾಳೆ ಬೆಳಗ್ಗೆನೇ ಒಲೆ ಹಚ್ಚು, ಭಾನುವಾರಕ್ಕೆ ರೊಟ್ಟಿ ಬೇಕು’ ಎಂದರು. ಕ್ಲಾರಕ್ಕ ತಪ್ಪಾಯ್ತು ಎಂದದ್ದನ್ನು ಅದಕ್ಕೆ ಮುಂಚೆ ಎಂದಾದರೂ ಕೇಳಿದವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ನಾನು ಫಾದರ್ ಕಡೆ ತಿರುಗಿ, ಉಪದೇಶಿಯ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದೆ. ‘ಅದನ್ನ ಆಮೇಲೆ ನೋಡೋಣ. ಮೊದಲು ಪ್ರಾಯಶ್ಚಿತ್ತ. ಈಸ್ಟರ್ ತನಕ ಅರ್ಧ ತೋಳಿನ ಅಂಗಿ ಹಾಕ್ಕೊಂಡು ಓಡಾಡಿ’ ಎಂದರು. ಸಂದ್ಯಾಗಪ್ಪ ಬಿಡಲಿಲ್ಲ. ‘ಹಾಗಾದ್ರೆ ಮೂವತ್ತೊಂದನೇ ಪ್ರಶ್ನೆ ಗತಿಯೇನು ಫಾದರ್? ಹಾಕಿಸ್ಕೊಬಹುದಾ, ಬಾರದಾ?’ ಫಾದರ್ ನಡುಗುವ ಕೈಯಿಂದ ಬೂದಿಯ ಡಬ್ಬಿಗೆ ಮುಚ್ಚಳ ಹಾಕಲು ನೋಡಿ, ಆಗದೆ, ಅದನ್ನು ಸಂದ್ಯಾಗಪ್ಪನ ಕೈಗೇ ಕೊಟ್ಟರು. ‘ಬಾರದು ಅಂತ್ಲೇ ಇರ್ಲಿ. ನಮ್ಮ ಹುಡುಗ್ರಿಗೆ ಅಷ್ಟು ಭಕ್ತಿ ಇದ್ರೆ ಬೇಗ ಎದ್ದು ಪೂಜೆಗೆ ಬರ್ಲಿ. ಆದ್ರೆ ಕೆಳಗೆ ಇನ್ನೊಂದು ಸಾಲು ಬರೀರಿ. ಹಾಕಿಸ್ಕೊಂಡಿದ್ರೆ ಮುಚ್ಚಿಡಬಾರದು, ಕಂಡೋರು ಕಲ್ಲು ಎತ್ತಬಾರದು’ ಎಂದರು. ಆ ಸಾಲನ್ನು ನನ್ನ ಕೈಯಲ್ಲೇ ಬರೆಸಿದರು.

ಮನೆಗೆ ಬಂದ ಮೇಲೆ ನನಗೆ ಹೊಳೆದದ್ದು, ನನ್ನ ಹತ್ತಿರ ಅರ್ಧ ತೋಳಿನ ಅಂಗಿ ಒಂದೂ ಇಲ್ಲ. ಹತ್ತೊಂಬತ್ತರ ಮೇಲೆ ಹೊಲಿಸಿಯೇ ಇರಲಿಲ್ಲ. ತುಂಬುತೋಳಿನದನ್ನೇ ಕತ್ತರಿಸಲೇ ಎಂದು ಕೇಳಿದೆ. ಬ್ರಿಜಿತ ಒಳಗೆ ಹೋಗಿ ಟ್ರಂಕು ತೆರೆದಳು. ತಳದಿಂದ ತಿಳಿನೀಲಿ ಬಣ್ಣದ ಒಂದು ಅಂಗಿ ತೆಗೆದು ಕೊಡವಿದಳು, ನುಸಿಗುಳಿಗೆಯ ವಾಸನೆ ಕೋಣೆಯೆಲ್ಲ ಹರಡಿತು. ಅರ್ಧ ತೋಳಿನದು. ಹಾಕಿಕೊಂಡೆ, ಅಳತೆ ತೆಗೆದು ಹೊಲಿದಂತೆ ಸರಿಯಾಗಿತ್ತು. ‘ಯಾವಾಗ ಹೊಲಿದೆ?’ ಎಂದೆ. ‘ಮದುವೆಯಾದ ಮೂರನೇ ವರ್ಷ. ನೀವು ಇವತ್ತು ಹೇಳ್ತೀರ, ನಾಳೆ ಹೇಳ್ತೀರ ಅಂತ. ನೀವು ದಪ್ಪ ಆದಾಗೆಲ್ಲ ಬಿಚ್ಚಿ ಬಿಚ್ಚಿ ಹೊಲಿದಿದ್ದೀನಿ. ನಾಲ್ಕು ಸಲ ಆಯ್ತು’ ಎಂದಳು. ಹೊಲಿಗೆಯ ಪಕ್ಕದಲ್ಲಿ ಹಳೆಯ ಹೊಲಿಗೆಗಳ ಸಣ್ಣ ತೂತುಗಳು ಸಾಲಾಗಿ ಕಾಣುತ್ತಿದ್ದವು. ಅವುಗಳ ಮೇಲೆ ಬೆರಳಾಡಿಸಿದೆ. ಅವಳು ಕಾಲರ್ ಸರಿಮಾಡುವ ನೆಪದಲ್ಲಿ ಹಿಂದೆ ನಿಂತಳು, ಅವಳ ಮುಖ ನನಗೆ ಕಾಣಲಿಲ್ಲ.

ಭಾನುವಾರ ಆ ಅಂಗಿ ಹಾಕಿಕೊಂಡು ಹೊರಟೆ. ಬಾಗಿಲಲ್ಲಿ ಅಭ್ಯಾಸಬಲದಿಂದ ನಿಂತೆ, ಶಾಲು ಸುತ್ತಲು ಯಾರೂ ಬರಲಿಲ್ಲ. ಬೆಳಗಿನ ಗಾಳಿ ಮೊಣಕೈಗೆ ತಾಗಿದಾಗ ಇಂಥದ್ದೊಂದು ಸುಖ ಇದೆಯೆಂಬುದೇ ಮರೆತುಹೋಗಿತ್ತಲ್ಲ ಎನಿಸಿತು. ಪೂಜೆಗೆ ಮುಂಚೆ ಮಕ್ಕಳೆಲ್ಲ ಸುತ್ತುವರಿದು ಕಾಲು ಎಣಿಸಿ ಹೋದರು. ಅಂದು ಪ್ರಕಾಶಮ್ಮನ ರೊಟ್ಟಿ ಎಂದಿನಂತೆ ತೆಳ್ಳಗಿತ್ತು, ಅಂಚಿನಲ್ಲಿ ಸ್ವಲ್ಪ ಕೆಂಪಗೆ ಬೆಂದಿತ್ತು. ಅದನ್ನು ತೆಗೆದುಕೊಳ್ಳಲು ಸಾಲಿನಲ್ಲಿ ನಿಂತಿದ್ದಾಗ, ಹಿಂದೆ ನಿಂತಿದ್ದ ಕ್ಲಾರಕ್ಕ ನನ್ನ ಬೆನ್ನಿಗೆ ಬೆರಳಿನಿಂದ ತಿವಿದರು. ಪಿಸುಮಾತು ಎಂದುಕೊಂಡು ಅವರು ಆಡುವ ಮಾತು ಅರ್ಧ ಚರ್ಚಿಗೆ ಕೇಳಿಸುತ್ತದೆ. ‘ಇನ್ನಾಸಪ್ಪ, ಬಲಗಿವಿ ಹಿಂದೆ ಕೂತಿದೆ’ ಎಂದರು. ಈಗ ಹೀಗೇ ಆಗಿದೆ. ಹಾಲಿನವನು ಮೊಣಕೈಯಲ್ಲಿದೆ ಎನ್ನುತ್ತಾನೆ, ಸಂದ್ಯಾಗಪ್ಪ ಕತ್ತಿನ ಹತ್ತಿರ ಎನ್ನುತ್ತಾನೆ, ರೊಟ್ಟಿಯ ಬುಟ್ಟಿ ಹಿಡಿದು ಬರುವ ಪ್ರಕಾಶಮ್ಮ ಕೈಯನ್ನೊಮ್ಮೆ ನೋಡಿ ‘ಇದೆ ಅಣ್ಣ, ಇಲ್ಲೇ ಇದೆ’ ಎಂದು ನಗುತ್ತಾಳೆ. ಬಚ್ಚಲಿನ ಕನ್ನಡಿಯನ್ನು ಬ್ರಿಜಿತ ತೆಗೆದುಕೊಂಡಿದ್ದಾಳೆ. ನನಗೆ ಅದು ಬೇಕಾಗಿಲ್ಲ.